ಮಗ್ಗದ ಸಪ್ಪಳ ಕೇಳದ ಫೋನು

ನನ್ನ ಬೆರಳಿಗೆ ಗುರುತೇ ಇಲ್ಲವಂತೆ. ಹೀಗೆ ಹೇಳಿದ್ದು ನಮ್ಮ ಮನೆಗೆ ಹೊಸದಾಗಿ ಬಂದ ಫೋನು. ಅದರ ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ಯಜಮಾನಿ ಬಂದಳೆಂದು ತಿಳಿದು ತಾನೇ ಬಾಗಿಲು ತೆರೆಯಬೇಕಂತೆ. ನಾನು ಇಟ್ಟೆ, ಒರೆಸಿ ಇಟ್ಟೆ, ಸೋಪು ಹಚ್ಚಿ ತೊಳೆದು ಇಟ್ಟೆ. ಅದು ಒಮ್ಮೆ ಮೈ ನಡುಗಿಸಿ, ಗುರುತಿಲ್ಲದವರು ಬಂದಾಗ ಮುಚ್ಚಿಕೊಳ್ಳುವ ಬಾಗಿಲಿನಂತೆ ಸುಮ್ಮನಾಯಿತು. ಚಿಕ್ಕಂದಿನಿಂದ ಲಾಳಿಯ ಕಂಡಿಕೆಗೆ ನೂಲು ಸುತ್ತಿ, ಜಗ್ಗಿ, ಹರಿದ ಎಳೆಗೆ ಎಳೆ ಹೊಸೆದು ನನ್ನ ಬೆರಳ ತುದಿಗಳು ಹೊಳೆಯ ಕಲ್ಲಿನಂತೆ ನುಣ್ಣಗಾಗಿವೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರಕ್ಕೂ ನನ್ನ ಮೇಲೆ ಇದೇ ಅನುಮಾನ. ಆದರೆ ಆ ಯಂತ್ರ ನನ್ನ ಮನೆಯದಲ್ಲ, ಬೈದುಕೊಂಡು ಬರಬಹುದು. ಮನೆಯೊಳಗೆ ತಂದಿಟ್ಟುಕೊಂಡ ಸಾಮಾನೇ ನೀನು ಯಾರೆಂದು ಕೇಳಿದರೆ ಏನು ಹೇಳಬೇಕು?

ನಾನು ಹೆಚ್ಚು ಓದಿದವಳಲ್ಲ. ಗಜೇಂದ್ರಗಡದ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದೇ ನನ್ನ ದೊಡ್ಡ ಓದು. ಆದರೆ ತೂಕ ನೋಡುವುದು ನನಗೆ ಗೊತ್ತು. ಎರಡು ಲಡಿ ನೂಲನ್ನು ಎರಡು ಕೈಯಲ್ಲಿ ಹಿಡಿದರೆ ಯಾವುದು ಹಗುರ, ಯಾವುದು ಭಾರ ಎಂದು ತಕ್ಕಡಿ ಇಲ್ಲದೆ ಹೇಳುತ್ತೇನೆ. ಈಗ ಕೆಲವು ತಿಂಗಳಿಂದ ಒಂದು ಕೈಯಲ್ಲಿ ಹಳೆಯ ಫೋನು, ಇನ್ನೊಂದು ಕೈಯಲ್ಲಿ ಹೊಸ ಫೋನು ಹಿಡಿದು ತೂಗುತ್ತಿದ್ದೇನೆ. ಇನ್ನೂ ತೂಗಿ ಮುಗಿದಿಲ್ಲ.

ಹಳೆಯದು ದುಡಿಯುವ ಮಂದಿಗೆಂದು ಮಾಡಿದ ಫೋನು. ಮೇಲರ್ಧ ಗಾಜು, ಕೆಳಗರ್ಧ ಗುಂಡಿಗಳು. ನೂಲಿನ ಗಂಜಿ ಹತ್ತಿದ ಕೈಯಲ್ಲಿ ಕಣ್ಣು ಮುಚ್ಚಿ ಒತ್ತಿದರೂ ಬೇಕಾದವರಿಗೇ ಹತ್ತುತ್ತದೆ. ನಮ್ಮ ಮನೆಯವರು ಕಾಲಿಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯೊಳಗೆ ಅದು ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಎತ್ತಿ, ಧೂಳು ಊದಿ, ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡು ಸರಿಮಾಡಿದರೆ ಮತ್ತೆ ಮಾತಾಡುತ್ತದೆ. ನರಗುಂದದ ಸೀರೆ ಅಂಗಡಿಯ ಗುರಪ್ಪಣ್ಣನಿಗೆ ಇದರಲ್ಲೇ ನಾವು ನೇಯುವ ಪಟ್ಟೇದ ಅಂಚಿನ ಸೀರೆಯ ಫೋಟೋ ಕಳಿಸುತ್ತಿದ್ದೆವು. ಫೋಟೋ ಮಸುಕಾಗಿರುತ್ತಿತ್ತು, ಖರೇ. ಆದರೆ ಇಟ್ಟಂಗಿ ಬಣ್ಣ ಇಟ್ಟಂಗಿಯಂತೆಯೇ ಕಾಣುತ್ತಿತ್ತು. ನಮ್ಮ ಸೀರೆಗೆ ಒಳಮುಖ ಹೊರಮುಖ ಎಂಬುದಿಲ್ಲ, ಯಾವ ಕಡೆಯಿಂದ ಉಟ್ಟರೂ ಒಂದೇ. ಈ ಫೋನಿನದೂ ಅದೇ ಗುಣ ಎಂದು ನನಗೆ ಅನಿಸುತ್ತಿತ್ತು.

ಇನ್ನು ಹೊಸದರ ಕಥೆ. ಅದು ಅಂಗಡಿಗೆ ಬರುವ ಮೊದಲೇ ಊರಿಗೆಲ್ಲ ಅದರ ಸುದ್ದಿ ಬಂದಿತ್ತು. ರೋಣದ ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಬೋರ್ಡು, ಟಿವಿ ಹಚ್ಚಿದರೆ ಅದೇ, ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಬಾಯಲ್ಲೂ ಅದೇ. ಅದರಲ್ಲಿ ಚಂದ್ರನ ಮೇಲಿನ ಕಲೆಯೂ ಎಣಿಸುವಂತೆ ಕಾಣುತ್ತದಂತೆ. ಇದನ್ನು ಕೇಳಿ ನಮ್ಮ ಮನೆಯವರು ಲಾಳಿ ನಿಲ್ಲಿಸದೆ, ಚಂದ್ರನನ್ನು ನೋಡಬೇಕಾದರೆ ಮಾಳಿಗೆ ಹತ್ತಿದರೆ ಸಾಕು, ಅದಕ್ಕೇಕೆ ರೊಕ್ಕ ಎಂದರು. ಅವರ ಮಾತು ಯಾವಾಗಲೂ ಇಷ್ಟೇ. ಉಳಿದದ್ದನ್ನು ಮಗ್ಗ ಮಾತಾಡುತ್ತದೆ.

ನಮ್ಮ ಅಳಿಯಂದಿರಿಗೆ ರೋಣದಲ್ಲಿ ಪಂಪುಸೆಟ್ ರಿಪೇರಿಯ ಅಂಗಡಿ ಇದೆ, ಮನೆ ಮೆಣಸಗಿಯಲ್ಲಿ. ಅವರು ಆ ಫೋನನ್ನು ಜೋಡಿಯಾಗಿ ಕೊಂಡರು. ಒಂದು ನನ್ನ ಮಗಳು ಗಿರಿಜಾಗೆ, ಇನ್ನೊಂದು ನನಗೆ. ಬಾಣಂತನ ಮುಗಿದು ಮಗಳನ್ನೂ ಕೂಸನ್ನೂ ಕರೆದೊಯ್ಯಲು ಬಂದ ದಿನ ಅದನ್ನು ನನ್ನ ಕೈಗಿಟ್ಟರು. "ಅತ್ತಿಯವರ, ಇದರಾಗ ಕೂಸು ಕಣ್ಣಮುಂದ ಇದ್ದಂಗ ಕಾಣತೈತಿ. ಮುಂದಿನ ಸಲ ಬಂದಾಗ ಆ ಹಳೇ ಕಲ್ಲು ಕೊಡ್ರಿ, ಅಂಗಡ್ಯಾವ ಬದಲಿಗೆ ತೊಗೊಂತಾನ" ಎಂದರು. ನನ್ನ ಕಣ್ಣು ತುಂಬಿತ್ತು. ಫೋನು ಸಿಕ್ಕ ಸಂತೋಷಕ್ಕೆ ಎಂದು ಅವರು ತಿಳಿದುಕೊಂಡರು. ಅಳಿಯಂದಿರು ಒಳ್ಳೆಯವರು, ನಾನು ತಿದ್ದಲಿಲ್ಲ.

ಮೊಮ್ಮಗಳ ಬಗ್ಗೆ ನಾನು ಶುರುಮಾಡಿದರೆ ಕೇಳುವವರು ಚಹಾ ಕುಡಿದು ಎದ್ದುಹೋಗುತ್ತಾರೆ, ನನ್ನ ಮಾತು ಮುಗಿದಿರುವುದಿಲ್ಲ. ಅವಳಿಗೆ ಸಮೃದ್ಧಿ ಎಂದು ಹೆಸರಿಟ್ಟಿದ್ದಾರೆ. ನನ್ನ ನಾಲಿಗೆಗೆ ಅದು ಅಷ್ಟು ಸಲೀಸಾಗಿ ಹೊರಳುವುದಿಲ್ಲ, ಗುಬ್ಬಿ ಎನ್ನುತ್ತೇನೆ. ಅವಳು ಹುಟ್ಟಿದ್ದು ಮಗಳು ನಮ್ಮ ಮನೆಯಲ್ಲಿದ್ದಾಗ, ಕತ್ತು ನಿಂತಿದ್ದು ನಮ್ಮ ಮನೆಯಲ್ಲಿ, ಮೊದಲ ಸಲ ನಕ್ಕಿದ್ದು ನನ್ನ ಮುಖ ನೋಡಿ. ಇದಕ್ಕೆ ಸಾಕ್ಷಿ ಕೇಳಬೇಡಿ, ನಾನೇ ಸಾಕ್ಷಿ. ಅವಳಿಗೆ ಮಗ್ಗದ ಮಗ್ಗುಲಲ್ಲೇ ನನ್ನ ಹಳೆಯ ಸೀರೆಯಿಂದ ಜೋಲಿ ಕಟ್ಟಿದ್ದೆ. ಲಾಳಿ ಓಡುವ ಸಪ್ಪಳ, ಎಳೆ ಒತ್ತುವ ಹಣಿಗೆ ಬಡಿಯುವ ಸಪ್ಪಳ, ಕಾಲಡಿಯ ಹಲಗೆ ಕಿರ್ ಎನ್ನುವ ಸಪ್ಪಳ, ಈ ಮೂರೂ ಕೂಡಿದರೆ ಗುಬ್ಬಿಗೆ ನಿದ್ದೆ. ಮಗ್ಗ ನಿಂತರೆ ಎಚ್ಚರ. ಹೊರಗಿನವರು ಬಂದು ಕೂಸು ಮಲಗಿದೆ ಎಂದು ಮೆಲ್ಲಗೆ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಕೂಸು ಮಲಗಿದೆ ಎಂದರೆ ನಮ್ಮವರು ಊಟಕ್ಕೂ ಏಳುವಂತಿರಲಿಲ್ಲ. ಅವರು ಅಷ್ಟು ಸೀರೆ ನೇಯ್ದದ್ದು ಹರೆಯದಲ್ಲೂ ಇಲ್ಲ.

ಅವಳು ಹೋದ ಮೇಲೆ ಜೋಲಿಯನ್ನು ಬಿಚ್ಚಿ ಮಡಿಸಿಟ್ಟೆ. ಖಾಲಿ ಜೋಲಿ ತೂಗಬಾರದು, ನನ್ನ ಕೈ ತೂಗದೆ ಇರುತ್ತಿರಲಿಲ್ಲ. ಆ ಸೀರೆಯಲ್ಲಿ ಕೂಸಿಗೆ ಹಾಕುತ್ತಿದ್ದ ಓಂಕಾಳಿನ ಹೊಗೆಯ ವಾಸನೆ ಇನ್ನೂ ಇತ್ತು. ಒಗೆಯಲು ಮನಸ್ಸಾಗಲಿಲ್ಲ.

ಅತ್ತ ಮೆಣಸಗಿಯಲ್ಲಿ ಗುಬ್ಬಿಗೆ ಮಧ್ಯಾಹ್ನದ ನಿದ್ದೆ ಹತ್ತದಾಯಿತು. ಅಲ್ಲಿ ಗಾಳಿ ಇದೆ, ನೆರಳಿದೆ, ತೂಗುವ ಕೈಗಳು ಬೇಕಾದಷ್ಟಿವೆ, ಮಗ್ಗ ಒಂದಿಲ್ಲ. ಆಗ ನಮ್ಮ ಹಳೆಯ ಫೋನೇ ಉಪಾಯ ಹೇಳಿಕೊಟ್ಟಿತು. ಒಂದು ಮಧ್ಯಾಹ್ನ ಮಗಳ ಜೊತೆ ಮಾತಾಡುತ್ತ ಅದನ್ನು ಮಗ್ಗದ ಬದಿಯ ಗೋಡೆಯ ಗೂಡಿನಲ್ಲಿಟ್ಟು ಹಾಲು ಉಕ್ಕಿತೆಂದು ಒಳಗೆ ಹೋದೆ. ತಿರುಗಿ ಬಂದರೆ ಮಗಳು ಪಿಸುದನಿಯಲ್ಲಿ, "ಅವ್ವಾ, ಫೋನ್ ಇಡಬ್ಯಾಡ, ಹಂಗ ಇರಲಿ, ಕೂಸಿಗೆ ಕಣ್ಣು ಹತ್ಯಾವ" ಎಂದಳು. ಅಂದಿನಿಂದ ಅದೇ ರೂಢಿಯಾಯಿತು. ಊಟದ ನಂತರ ನಾನು ಫೋನು ಹಚ್ಚಿ ಗೂಡಿನಲ್ಲಿಡುವುದು, ಅಲ್ಲಿ ಮಗಳು ತನ್ನ ಫೋನನ್ನು ತೊಟ್ಟಿಲ ಕೆಳಗಿಡುವುದು. ಗಜೇಂದ್ರಗಡದಲ್ಲಿ ನೇಯ್ಗೆ, ಮೆಣಸಗಿಯಲ್ಲಿ ನಿದ್ದೆ. ನಮ್ಮವರು ಗೂಡಿನ ಕಡೆ ಒಮ್ಮೆ ನೋಡಿ, ಜೋಲಿ ತೂಗಿದಷ್ಟು ಹದವಾಗಿ ಲಾಳಿ ಹೊಡೆಯುತ್ತಿದ್ದರು.

ಸ್ವಲ್ಪ ದಿನಕ್ಕೆ ಅಳಿಯಂದಿರು ಹಳೆಯ ಫೋನನ್ನು ಒಯ್ಯಲು ಬರುವುದಾಗಿ ಹೇಳಿಕಳಿಸಿದರು. ಹೇಗೂ ಕೊಡಬೇಕಲ್ಲ ಎಂದು ನಾನು ಕೆಲಸವೆಲ್ಲವನ್ನೂ ಹೊಸದರಲ್ಲೇ ರೂಢಿ ಮಾಡಿಕೊಳ್ಳಲು ಹೊರಟೆ. ಬೆರಳು ನಡೆಯದಿದ್ದುದಕ್ಕೆ ಅಂಕಿ ಒತ್ತಿ ತೆರೆಯುವುದನ್ನು ಕಲಿತೆ. ಮೊದಲು ಮಗಳು ಕಳಿಸಿದ ಕೂಸಿನ ಫೋಟೋ ನೋಡಿದೆ. ಏನು ಹೇಳಲಿ, ಕೈ ಚಾಚಿದರೆ ಕೆನ್ನೆ ಸಿಕ್ಕೀತು ಎನ್ನುವಷ್ಟು ಚಂದ. ಆದರೆ ಆ ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇರಲಿಲ್ಲ. ಮರುದಿನದ ಫೋಟೋದಲ್ಲೂ ಇಲ್ಲ. ಹಳೆಯ ಫೋನಿನಲ್ಲಿ ಕಾಣದಿದ್ದಾಗ ಅದರ ಮಸುಕುಗಣ್ಣಿನ ತಪ್ಪೆಂದು ಸುಮ್ಮನಿದ್ದೆ. ಈಗ ಚಂದ್ರನ ಕಲೆ ಕಾಣಿಸುವ ಫೋನಿನಲ್ಲೂ ಇಲ್ಲವೆಂದರೆ ಮಗಳು ಹಚ್ಚುತ್ತಿಲ್ಲವೆಂದೇ ಅರ್ಥ. ಫೋನು ಮಾಡಿ ಬೈದೆ. ಹಚ್ಚಿದ್ದೇನೆಂದು ಅವಳು ಆಣೆ ಮಾಡಿದಳು. ನನಗೆ ನಂಬಿಕೆಯಾಗಲಿಲ್ಲ. ಕಾಡಿಗೆಯ ಡಬ್ಬಿ ತೆಗೆದು, ಫೋನಿನ ಗಾಜಿನ ಮೇಲೆ, ಗುಬ್ಬಿಯ ಕೆನ್ನೆ ಇದ್ದ ಕಡೆ ನಾನೇ ಒಂದು ಬೊಟ್ಟಿಟ್ಟೆ. ಅಷ್ಟರಲ್ಲಿ ಗುರಪ್ಪಣ್ಣ ಮುಖ ತೋರಿಸುವ ಫೋನು ಮಾಡಿದ. ಅಷ್ಟು ದೊಡ್ಡ ಮೀಸೆಯ ಮನುಷ್ಯ, ಕೆನ್ನೆಗೆ ಬೊಟ್ಟಿಟ್ಟುಕೊಂಡು ಹಳದಿ ಒಡಲಿನ ಸೀರೆ ಯಾವಾಗ ಕಳಿಸುತ್ತೀರಿ ಎಂದು ಕೇಳುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತೀ ತಂಗಿ ಎಂದು ಅವನು ಕೇಳಿದ. ಹೇಗೆ ಹೇಳುವುದು?

ನಗು ಅಲ್ಲಿಗೇ ಮುಗಿಯಿತು. ಹೊಸ ಫೋನನ್ನು ಗೂಡಿನಲ್ಲಿಟ್ಟ ದಿನದಿಂದ ಗುಬ್ಬಿ ಮಲಗಲಿಲ್ಲ. ಮಗ್ಗ ಇಲ್ಲಿ ಎಂದಿನಂತೆ ನಡೆದಿದೆ, ಅಲ್ಲಿ ಅಳು ನಿಲ್ಲುತ್ತಿಲ್ಲ. ಒಂದು ದಿನ ಆಯಿತು, ಮರುದಿನವೂ ಆಯಿತು. ನನಗೆ ಹೊಳೆದದ್ದು ಒಂದೇ: ಕೂಸು ಮಗ್ಗವನ್ನು ಮರೆತಿದೆ. ಮಗ್ಗ ಮರೆತ ಮೇಲೆ ನಾವೆಲ್ಲಿ ನೆನಪಿರುತ್ತೇವೆ? ಮಕ್ಕಳಿಗೆ ಮರೆವು ಸಹಜ, ಇಷ್ಟಿಷ್ಟೇ ತಲೆಯಲ್ಲಿ ಎಷ್ಟು ಹಿಡಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು, ಮಡಿಸಿಟ್ಟ ಜೋಲಿಯನ್ನು ತೆಗೆದು ಮೂಸಿದೆ. ಓಂಕಾಳಿನ ವಾಸನೆಯೂ ಹೋಗುತ್ತ ಬಂದಿತ್ತು.

ಅತ್ತ ಮಗಳಿಗೆ ಬೇರೆಯೇ ಚಿಂತೆ ಹತ್ತಿತ್ತು, ಅದು ಆಗ ನನಗೆ ಗೊತ್ತಿರಲಿಲ್ಲ. ಅಪ್ಪ ನೇಯುತ್ತಿದ್ದಾನೆಯೇ ಎಂದು ಅವಳು ಕೇಳುವುದು, ಹೂಂ ನೇಯುತ್ತಿದ್ದಾರೆ ಎಂದು ನಾನು ಹೇಳುವುದು. ಅಪ್ಪನ ಮುಖ ತೋರಿಸು ಎಂದರೆ, ನಮ್ಮವರು ತಾನೇನು ಸಿನೆಮಾದವನೇ ಎಂದು ಅತ್ತ ತಿರುಗುವುದು. ಹೋದ ವರ್ಷ ಅವರಿಗೆ ಜ್ವರ ಬಂದು ದವಾಖಾನಿಯಲ್ಲಿ ಮಲಗಿದಾಗ, ಬಸುರಿ ಹೆಣ್ಣುಮಗಳಿಗೆ ಯಾಕೆ ಚಿಂತೆ ಎಂದು ನಾವು ಅವಳಿಗೆ ತಿಳಿಸಿರಲಿಲ್ಲ. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ.

ಒಂದು ಬೆಳಗ್ಗೆ ನಾನು ಬಾಗಿಲಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದೆ. ಓಣಿಯ ತಿರುವಿನಲ್ಲಿ ಗಿರಿಜಾ ಕಂಡಳು. ಬಗಲಲ್ಲಿ ಗುಬ್ಬಿ, ಹೆಗಲಲ್ಲಿ ಚೀಲ, ಮುಖದಲ್ಲಿ ರಕ್ತವಿಲ್ಲ. ನಾಲ್ಕು ಹೆಜ್ಜೆ ಓಡಿ ಬಂದವಳು ಓಣಿಯ ನಡುವೆ ಗಕ್ಕನೆ ನಿಂತಳು. ಒಳಗಿನಿಂದ ಮಗ್ಗದ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ನಾನು ರಾಟಿ ದೂಡಿ ಎದ್ದೆ. ಕೂಸನ್ನು ಕಸಿದುಕೊಂಡೆನೋ ಅವಳೇ ಕೊಟ್ಟಳೋ ನೆನಪಿಲ್ಲ. ಅದರ ಕೆನ್ನೆಯ ಮೇಲೆ ಕಡಲೆಬೇಳೆಯಷ್ಟು ದೊಡ್ಡ ಕಾಡಿಗೆಯ ಬೊಟ್ಟಿತ್ತು. ನಾನು ಮುದ್ದಿಸಿದ್ದಕ್ಕೆ ಅದರಲ್ಲಿ ಅರ್ಧ ನನ್ನ ಮೂಗಿಗೆ ಬಂತು.

ಮಗಳು ಸೀದಾ ಮಗ್ಗದ ಮುಂದೆ ಹೋಗಿ ನಿಂತಳು. "ಅಪ್ಪಾ, ನೀ ಆರಾಮ ಅದೀ?"

"ನನಗೇನಾಗೇತಿ?" ಎಂದರು ಇವರು.

"ಮತ್ತ ಇಷ್ಟ ದಿನ ಮಗ್ಗ ಯಾಕ ನಿಂತಿತ್ತು? ಫೋನಿನಾಗ ಸಪ್ಪಳನ ಇರಲಿಲ್ಲ. ಅವ್ವ ನನ್ನ ಮುಂದ ಸುಳ್ಳ ಹೇಳಾಕತ್ತಾಳ ಅಂತ ನಾ ಎದಿ ಒಡಕೊಂಡು ಬಂದೇನಿ."

ನಮ್ಮವರು ನನ್ನನ್ನು ನೋಡಿದರು, ನಾನು ಫೋನನ್ನು ನೋಡಿದೆ. ಆಮೇಲೆ ಪರೀಕ್ಷೆ ನಡೆಯಿತು. ಮಗಳು ತನ್ನ ಫೋನು ಹಿಡಿದು ಓಣಿಯ ಆ ತುದಿಯ ಗುಡಿಯ ಕಟ್ಟೆಗೆ ಹೋದಳು, ನಾನು ಮಗ್ಗದ ಬದಿಯಿಂದ ಹೊಸದರಲ್ಲಿ ಹಚ್ಚಿದೆ. ನನ್ನ ಕೆಮ್ಮು ಕೇಳಿತಂತೆ, ಉಸಿರು ಕೇಳಿತಂತೆ, ಮಗ್ಗ ಕೇಳಲಿಲ್ಲ. ಹಳೆಯದರಲ್ಲಿ ಹಚ್ಚಿದರೆ ಲಾಳಿ, ಹಣಿಗೆ, ಹಲಗೆಯ ಕಿರ್ ಎಲ್ಲವೂ ಕೇಳಿದವು. ಅಳಿಯಂದಿರಿಗೆ ಫೋನು ಮಾಡಿ ಕೇಳಿದರೆ ಅವರು ಅಭಿಮಾನದಿಂದಲೇ ಬಿಡಿಸಿ ಹೇಳಿದರು. ಈ ಫೋನು ಮಾತಾಡುವವರ ದನಿಯನ್ನಷ್ಟೇ ಆರಿಸಿ ಕಳಿಸುತ್ತದೆ, ಸುತ್ತಲಿನ ಗದ್ದಲವನ್ನು ಒರೆಸಿ ಹಾಕುತ್ತದೆ. ಫೋಟೋ ತೆಗೆಯುವಾಗಲೂ ಮುಖದ ಮೇಲಿನ ಕಪ್ಪು ಕಲೆಗಳನ್ನು ತಾನೇ ಅಳಿಸಿ ಚಂದ ಮಾಡುತ್ತದೆ. ಅದಕ್ಕೇ ಅದಕ್ಕೆ ಅಷ್ಟು ಬೆಲೆ.

ಇದನ್ನೆಲ್ಲ ಕೇಳಿ ನಮ್ಮವರು ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮೆಲ್ಲಗೆ, "ಅಂದ್ರ ಹುಟ್ಟಿದಾಗಿಂದ ನಾ ಮಾಡಿದ್ದು ಗದ್ದಲೇನು?" ಎಂದರು.

ಉತ್ತರವನ್ನು ಗುಬ್ಬಿಯೇ ಕೊಟ್ಟಳು. ಮಗ್ಗ ನಿಂತದ್ದಕ್ಕೆ ಬಾಯಿ ತೆರೆದು ಅಳಲು ಶುರುಮಾಡಿದಳು. ಇವರು ಗಡಬಡಿಸಿ ಲಾಳಿ ಹೊಡೆದರು. ನಾನು ಜೋಲಿ ಕಟ್ಟಿ ಮಲಗಿಸಿದೆ. ನಾಲ್ಕು ಬೆರಳು ಬಟ್ಟೆ ನೇಯುವುದರೊಳಗೆ ಅವಳಿಗೆ ನಿದ್ದೆ. ಅವಳು ಏನನ್ನೂ ಮರೆತಿರಲಿಲ್ಲ. ನಾನು ಜೋಲಿಯ ಕೆಳಗೆ ಕೂತು, ಮೂಗಿನ ಮೇಲಿನ ಕಾಡಿಗೆಯನ್ನೂ ಒರೆಸಿಕೊಳ್ಳದೆ, ಸಂಜೆಯವರೆಗೆ ಅವಳ ಕಾಲಿನ ಬೆರಳುಗಳನ್ನೇ ನೋಡಿದೆ. ಬಂದವರು ಹೋದವರು ಏನಾಯಿತೆಂದು ಕೇಳಿದರೆ ಎಲ್ಲರಿಗೂ ಸಕ್ಕರೆ ಕೊಟ್ಟೆ.

ಮಗಳೂ ಗುಬ್ಬಿಯೂ ಕೆಲವು ದಿನ ಇದ್ದು ಮೆಣಸಗಿಗೆ ಹೋದರು. ಕರೆದೊಯ್ಯಲು ಬಂದ ಅಳಿಯಂದಿರು ಹಳೆಯ ಫೋನು ಕೇಳಿದರು. ಅದು ಮಗ್ಗದ ಸಾಮಾನು, ಲಾಳಿಯ ಹಾಗೆ, ಅದನ್ನು ಮಾರುವಂತಿಲ್ಲ ಎಂದೆ. ಈಗ ಮತ್ತೆ ಹಳೆಯ ರೂಢಿ. ಊಟದ ನಂತರ ಅದನ್ನು ಗೂಡಿನಲ್ಲಿಡುತ್ತೇನೆ, ಅಲ್ಲಿ ಗುಬ್ಬಿ ಮಲಗುತ್ತಾಳೆ.

ಹಾಗಾದರೆ ತೂಕ ಮುಗಿಯಿತಲ್ಲ ಎನ್ನುತ್ತೀರಿ. ಮುಗಿದಿಲ್ಲ, ಅದೇ ನನ್ನ ತೊಂದರೆ. ಕೂಸಿಗೆ ನಿದ್ದೆ ಕೊಟ್ಟದ್ದು ಹಳೆಯದು. ಆದರೆ ಕೂಸನ್ನೇ ನನ್ನ ತೊಡೆಗೆ ತಂದು ಹಾಕಿದ್ದು ಹೊಸದು. ಅದು ಮಗ್ಗದ ಸಪ್ಪಳವನ್ನು ಒರೆಸದೆ ಇದ್ದಿದ್ದರೆ ಮಗಳು ಅಷ್ಟು ಲಗೂ ಬಸ್ಸು ಹತ್ತುತ್ತಿರಲಿಲ್ಲ. ಕೆಲವು ಮಧ್ಯಾಹ್ನ ಫೋನು ಹಚ್ಚುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಹೊಸದರ ಕಡೆ ಹೋಗುತ್ತದೆ. ಛೇ, ಸುಳ್ಳು ಹೇಳಿ ಕರೆಸುವುದು ಸಲ್ಲದು ಎಂದು ಹಳೆಯದನ್ನೇ ಎತ್ತಿಕೊಳ್ಳುತ್ತೇನೆ.

ಮೊನ್ನೆಯೂ ಹಾಗೆಯೇ ಹಳೆಯದನ್ನು ಗೂಡಿನಲ್ಲಿಟ್ಟು ಪಾತ್ರೆ ತೊಳೆಯುತ್ತಿದ್ದೆ. ಮಗ್ಗದ ಸಪ್ಪಳ ನಿಂತಿತು. ಕೂಡಲೇ ಗೂಡಿನಿಂದ ಮಗಳ ದನಿ, "ಅವ್ವಾ, ಮಗ್ಗ ಯಾಕ ನಿಂತು? ಅಪ್ಪ ಆರಾಮ ಅದಾನಿಲ್ಲೋ?" ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದೆ. ನಮ್ಮವರು ಲಾಳಿ ಹಿಡಿದು ಸುಮ್ಮನೆ ಗೂಡನ್ನೇ ನೋಡುತ್ತ ಕೂತಿದ್ದರು. ನನ್ನನ್ನು ಕಂಡೊಡನೆ, ಎಳೆ ಹರಿದಿದೆ ಎಂದು ಕೈಸನ್ನೆ ಮಾಡಿದರು.

ನಾನು ಬಗ್ಗಿ ಈ ಅಂಚಿನಿಂದ ಆ ಅಂಚಿನವರೆಗೆ ಬೆರಳಾಡಿಸಿ ನೋಡಿದೆ. ಒಂದು ಎಳೆಯೂ ಹರಿದಿರಲಿಲ್ಲ.