ಹಳೇ ಹಾಸಿನ ತುದಿ

ನಮ್ಮ ಮನೆಯಲ್ಲಿ ಮಗ್ಗವನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಸೀರೆ ಮುಗಿದಾಗ ಹಳೇ ಹಾಸಿನ, ಅಂದರೆ ಉದ್ದ ಎಳೆಗಳ, ಗೇಣುದ್ದ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಗಂಟು ಹಾಕುತ್ತಾರೆ. ಸೇಲಂನ ನಮ್ಮ ಬೀದಿಯಲ್ಲಿ ಎಲ್ಲರದೂ ಇದೇ ಪದ್ಧತಿ. ನಾನು ನೇಯಲಿಲ್ಲ, ಕಂಪ್ಯೂಟರ್ ಕಲಿತೆ. ಆದರೆ ಚಿಕ್ಕಂದಿನಲ್ಲಿ ಗಂಟು ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು, ಹಾಗಾಗಿ ಮಗ್ಗದ ಸಮಾಚಾರವೆಲ್ಲ ಗೊತ್ತೆಂದು ತಿಳಿದಿದ್ದೆ.

ನೇಕಾರರ ಸಂಘಕ್ಕೆ ಹೊಸ ಸರ್ವರ್ ಬಂತು. ಸಂಘದ ಆರ್ಡರುಗಳನ್ನು ಪಡೆದು, ಸಾಲಾಗಿ ನಿಲ್ಲಿಸಿ, ನೇಕಾರರ ಫೋನಿಗೆ ಮುಟ್ಟಿಸುವುದು ಅದರಲ್ಲಿರುವ ಮೆಸೇಜ್ ಬ್ರೋಕರ್‌ನ ಕೆಲಸ. ಅದನ್ನು ಹೊಂದಿಸುವುದು ನನ್ನ ಕೆಲಸ. ಯಾವ ವಿಳಾಸಕ್ಕೆ ಕಳಿಸಬೇಕೆಂದು ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಹಳೇ ಯಂತ್ರದಿಂದ ಹಾಗೇ ತಂದಿಟ್ಟು, ಹೊಸ ವಿಳಾಸವನ್ನು ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದೆ. ಹಳೇ ತುದಿಗೆ ಹೊಸದು. ಪರೀಕ್ಷೆಗೆಂದು ಮೊದಲು ನಮ್ಮ ಬೀದಿಯ ಆರ್ಡರುಗಳನ್ನೇ ಅದಕ್ಕೆ ವಹಿಸಿ, ಉಳಿದವನ್ನು ಹಳೇ ಯಂತ್ರದಲ್ಲೇ ಬಿಟ್ಟೆ. ಹೆಚ್ಚುಕಮ್ಮಿಯಾದರೂ ನಮ್ಮವರಲ್ಲವೇ, ಬೈದು ಸುಮ್ಮನಾಗುತ್ತಾರೆ.

ಆ ವಾರ ಅಮ್ಮ ತಾರಮಂಗಲಂನ ಮದುವೆ ಸೀರೆಯೊಂದರ ಆರ್ಡರಿಗೆ ಕಾಯುತ್ತಿದ್ದಳು. ಕಣ್ಣಿನ ಆಪರೇಷನ್ ಆದಮೇಲೆ ಅಗಲ ಅಂಚು ಇನ್ನು ಇವಳ ಕೈಲಾಗದು ಎಂದು ಬೀದಿಯವರು ಆಡಿಕೊಂಡಿದ್ದರು. ಅವರಿಗೆ ನೇಯ್ದು ತೋರಿಸಬೇಕಿತ್ತು. ಆರ್ಡರ್ ಬಂದೇ ಬರುತ್ತದೆಂದು ಅದಕ್ಕೆ ಬೇಕಾದ ಕೆಂಪು ಹಾಸನ್ನು ಒಬ್ಬಳೇ ಕೂತು ಮಗ್ಗಕ್ಕೆ ಗಂಟು ಹಾಕುತ್ತಿದ್ದಳು. ಮೂರು ದಿನದಲ್ಲಿ ಒಪ್ಪಿಗೆ ಕೊಡದಿದ್ದರೆ ಆರ್ಡರ್ ಬೇರೆ ಮಗ್ಗಕ್ಕೆ ಹೋಗುವುದು ಸಂಘದ ನಿಯಮ.

"ಇವತ್ತೂ ಬರ್ಲಿಲ್ಲ ಕಣ್ಲಾ. ನಿನ್ ಸರ್ವರ್ ನೆಟ್ಟಗೈತಾ?"

"ಬೆಣ್ಣೆ ಅಂಗೆ ಓಡ್ತೈತಮ್ಮ. ಸೊಸೈಟಿಯೋರೇ ಲೇಟು," ಎಂದೆ. ಹಾಗೆಂದೇ ನಂಬಿದ್ದೆ ಕೂಡ.

ನಾಲ್ಕನೇ ದಿನ ಸಂಘದವರೇ ಕೇಳಿದರು, ನಿಮ್ಮ ಬೀದಿಯವರು ಯಾರೂ ಯಾಕೆ ಉತ್ತರ ಕೊಟ್ಟಿಲ್ಲ ಎಂದು. ಫೈಲನ್ನು ಮತ್ತೆ ಮತ್ತೆ ಓದಿದೆ. ವಿಳಾಸ ಸರಿಯಾಗಿತ್ತು. ಆಮೇಲೆ ತಲೆಗೆ ಹೊಳೆಯಿತು: ಫೈಲ್ ಒಂದು ಹೇಳಿ ವೇರಿಯಬಲ್ ಇನ್ನೊಂದು ಹೇಳಿದರೆ ಬ್ರೋಕರ್ ಕೇಳುವುದು ವೇರಿಯಬಲ್ ಮಾತನ್ನೇ. ಅದರಲ್ಲಿ ಹಳೇ ವಿಳಾಸವೇ ಉಳಿದಿತ್ತು. ಆರ್ಡರುಗಳೆಲ್ಲ ಮೂಲೆಯ ಹಳೇ ಯಂತ್ರಕ್ಕೆ ಹೋಗಿ ಶಿಸ್ತಾಗಿ ಸಾಲಲ್ಲಿ ನಿಂತಿದ್ದವು. ಅಲ್ಲಿಂದ ನಮ್ಮ ಬೀದಿಗೆ ಕಳಿಸುವುದನ್ನು ನಾನೇ ನಿಲ್ಲಿಸಿದ್ದೆ. ಸಾಲಿನ ಮೊದಲನೆಯದೇ ಮದುವೆ ಸೀರೆ. ಅದನ್ನು ಆವತ್ತು ಬೆಳಿಗ್ಗೆ ಕಡಯಂಪಟ್ಟಿಯ ಮಗ್ಗವೊಂದಕ್ಕೆ ಕೊಟ್ಟಾಗಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ತಪ್ಪು ನನ್ನದು, ಮಗ್ಗದಲ್ಲಿ ಮಾಡುವ ಹಾಗೆ ಹಳೇ ತುದಿಗೇ ಹೊಸದನ್ನು ಕಟ್ಟಿಬಿಟ್ಟೆ ಎಂದೆ. ಬೈಗುಳಕ್ಕೆ ಕಾದೆ.

"ಕಟ್ಟಿದ್ ಗಂಟು ಹಣಿಗೆ ದಾಟಿ ಮುಂದಕ್ಕೆ ಬಂದ್ಮೇಲೆ ಅಳೇದ್ನ ಏನ್ಲಾ ಮಾಡ್ತೀವಿ?" ಎಂದು ಕೇಳಿದಳು.

ಗೊತ್ತಿರಲಿಲ್ಲ. ಗಂಟು ಹಾಕಿ ಮುಗಿದ ಕೂಡಲೇ ನಾನು ಆಡಲು ಓಡಿಬಿಡುತ್ತಿದ್ದೆ.

"ಕತ್ತರ್ಸಿ ಬಿಸಾಕ್ತೀವಿ. ಅರ್ಧ ಕಲ್ತು ಇಂಜಿನಿಯರ್ ಆಗ್ಬುಟ್ಟೆ. ಪರವಾಯಿಲ್ಲೆ, ಬುಡು."

ಆಮೇಲೆ ಕತ್ತರಿ ತಂದು ನನ್ನ ಕೈಗಿಟ್ಟು, ಕೆಂಪು ಹಾಸಿನ ಕಡೆ ತೋರಿಸಿದಳು. ಅದರ ಕೊನೆಯ ಗಂಟು ಆವತ್ತೇ ಬಿದ್ದಿತ್ತು.

"ಸೀರೇನೇ ಓಯ್ತು, ಇದು ಇನ್ಯಾಕೆ? ನೀನೇ ಕತ್ತರ್ಸು."