ತದಡಿಯ ಬಾಗಿಲಿಗೆ ಭಾವ ಎಳೆದ ವಯರು

ಭಾವನ ಮುಂದಿನ ಹಲ್ಲಿನಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ಕಚ್ಚು ಇತ್ತು. ವರ್ಷಗಟ್ಟಲೆ ವಯರಿನ ಸಿಪ್ಪೆಯನ್ನು ಅದೇ ಹಲ್ಲಿನಿಂದ ಸುಲಿದು, 'ಥೂ' ಎಂದು ಉಗಿದು ಆದ ಕಚ್ಚು. ಇಕ್ಕಳ ಜೇಬಿನಲ್ಲೇ ಇರುತ್ತಿತ್ತು. ಅಕ್ಕ ಎಷ್ಟು ಬೈದರೂ ಬಿಡಲಿಲ್ಲ. ಆ 'ಥೂ' ಬರೀ ಸಿಪ್ಪೆಗೆ ಮೀಸಲಲ್ಲ. ಯಾರೋ ಮಾಡಿಟ್ಟ ಹಾಳು ಕೆಲಸ ಕಂಡರೂ ಅದೇ ಬರುತ್ತಿತ್ತು.

ಅವನು ನನ್ನ ಅಕ್ಕನ ಗಂಡ, ಹೊನ್ನಾವರದವನು. ಕುಮಟೆಯಿಂದ ಭಟ್ಕಳದವರೆಗೆ ಆಫೀಸು, ಫ್ಲ್ಯಾಟು, ಮೀನಿನ ಶೆಡ್ಡುಗಳಿಗೆ ಕಾರ್ಡು ತೋರಿಸಿದರೆ ತೆರೆಯುವ ಬಾಗಿಲು ಕೂರಿಸುವುದು ನಮ್ಮಿಬ್ಬರ ಕೆಲಸ. ಬಾಗಿಲ ಮೇಲೊಂದು ಅಯಸ್ಕಾಂತ. ಕರೆಂಟು ಇರುವಷ್ಟು ಹೊತ್ತು ಅದು ಬಾಗಿಲನ್ನು ಹಿಡಿದಿರುತ್ತದೆ. ಆ ಕರೆಂಟನ್ನು ಕೊಡುವುದು, ಕಡಿಯುವುದು ರಿಲೇ ಎಂಬ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಡಬ್ಬಿ. ಅಂಥ ಎಂಟು ಡಬ್ಬಿಗಳನ್ನು ಸಾಲಾಗಿ ಕೂರಿಸಿದ ಹಸಿರು ಹಲಗೆಗೆ ಮಾಡ್ಯೂಲ್ ಎನ್ನುತ್ತಾರೆ. ಕಡಲ ಪಕ್ಕದಲ್ಲಿ ಹಳೆಯ ಪೆಟ್ಟಿಗೆ ತೆರೆದರೆ ಆ ಹಲಗೆಯ ಮೇಲೆ ಉಪ್ಪುಗಾಳಿಯ ಕಿಲುಬು, ಹಲ್ಲಿಯ ಮೊಟ್ಟೆ, ಜಿರಳೆಯ ಹಿಕ್ಕೆ. ನನಗೆ ವಾಕರಿಕೆ ಬರುತ್ತಿತ್ತು. ಭಾವ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಸ್ಕ್ರೂ ತಿಕ್ಕುತ್ತಾ ಕೂರುತ್ತಿದ್ದ.

ಅವನದೊಂದು ಹಠ. ಎಂಥ ಕಂಪ್ಯೂಟರು ಇರಲಿ, ಅಪಾಯದ ಸೈರನ್ನಿನಿಂದಲೂ ಬಾಗಿಲ ಪಕ್ಕದ ತುರ್ತು ಗುಂಡಿಯಿಂದಲೂ ರಿಲೇಗೆ ನೇರವಾಗಿ ವಯರು ಬರಬೇಕು. ನಡುವೆ ಯಾರೂ ಇರಬಾರದು.

"ಬಾಗ್ಲು ಹಾಕ್ಲಿಕ್ಕೆ ಎಷ್ಟು ಬೇಕಾದ್ರೂ ಬುದ್ಧಿ ಖರ್ಚು ಮಾಡು ಮಾರಾಯ. ತೆಗಿಲಿಕ್ಕೆ ಬುದ್ಧಿ ಬೇಡ, ಒಂದು ವಯರ್ ಸಾಕು."

ಕೆಲಸ ಒಪ್ಪಿಸುವ ದಿನ ಕಂಪ್ಯೂಟರು ಆರಿಸಿ, ಕಟ್ಟಡದ ಮಾಲೀಕನನ್ನೇ ಒಳಗೆ ನಿಲ್ಲಿಸಿ ಸೈರನ್ ಹೊಡೆಸುತ್ತಿದ್ದ. ಮಾಲೀಕ ಒಂದೇ ಬೆರಳಿನಿಂದ ಬಾಗಿಲು ದೂಡಬೇಕು. ಭಟ್ಕಳದ ಪಕ್ಕದ ಜಾಲಿಯ ಒಬ್ಬ ಸಾಹುಕಾರರು ನಕ್ಕರು: "ಕ್ಯಾ ಮೇಸ್ತ್ರಿ, ನನಗೇ ಪರೀಕ್ಷೆಯಾ?"

"ನೀವು ಪಾಸಾಗುದು ಬೇಡ ಸಾಹೇಬ್ರೆ, ಬಾಗ್ಲು ಪಾಸಾದ್ರೆ ಆತು."

ತದಡಿಯಲ್ಲಿ ಮೀನು ಕೊಯ್ದು ಶೀತದಲ್ಲಿಡುವ ಒಂದು ಶೆಡ್ಡಿಗೆ ನಾವೇ ಬಾಗಿಲು ಮಾಡಿದ್ದೆವು. ಕೆಲಸದ ಹೊತ್ತಿನಲ್ಲಿ ಮೀನು ಕೊಯ್ಯುವ ಹೆಂಗಸರು ಹೊರಗೆ ಹೋಗದಂತೆ ಹಿಡಿದಿಡಬೇಕು ಎಂಬುದೇ ಅಲ್ಲಿನ ಮ್ಯಾನೇಜರನ ಬೇಡಿಕೆ. ಶ್ರಾವಣದಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದವು, ಶೆಡ್ಡಿನ ಕೆಲಸ ಜೋರಾಯಿತು. ನೆಲ ತೊಳೆಯುವ ಬಿಸಿನೀರಿನ ಹಬೆಯನ್ನೇ ಹೊಗೆಯೆಂದು ತಿಳಿದು ಸೈರನ್ ಹೊಡೆದುಕೊಂಡು ಬಾಗಿಲು ತೆರೆಯತೊಡಗಿತು.

"ದಿನಾ ಹೆಂಗಸ್ರೆಲ್ಲ ಹೊರಗೆ ಬಂದು ಕೂತ್ಕಳ್ತಾರೆ" ಎಂದ ಮ್ಯಾನೇಜರ್. "ಆ ವಯರ್ ಕಂಪ್ಯೂಟರಿಗೆ ಕೊಡಿ. ಬೇಕಾದಾಗ ನಾನೇ ಮೊಬೈಲಲ್ಲಿ ತೆಗಿತೆ."

"ನೀವು ಊಟಕ್ಕೆ ಹೋದಾಗ ಯಾರು ತೆಗಿತಾರೆ, ನಿಮ್ಮ ಅಜ್ಜನೋ?" ಎಂದು ಭಾವ ಎದ್ದು ಬಂದುಬಿಟ್ಟ.

ಮರುವಾರ ಭಾವನಿಗೆ ಜ್ವರ ಹಿಡಿಯಿತು. ಮ್ಯಾನೇಜರ್ ನನಗೆ ಫೋನ್ ಮಾಡಿದ. ಸುಳ್ಳು ಹೇಳುವುದಿಲ್ಲ, ಭಾವನ ಹಠ ನನಗೂ ಸಾಕಾಗಿತ್ತು. ಹೋದೆ. ಎರಡು ಸ್ಕ್ರೂ ಸಡಿಲಿಸಿ, ರಿಲೇಗೆ ಬರುತ್ತಿದ್ದ ವಯರನ್ನು ಕಂಪ್ಯೂಟರಿನ ಪೆಟ್ಟಿಗೆಗೆ ಕೊಟ್ಟೆ. ಮ್ಯಾನೇಜರ್ ಚಹಾ ಕುಡಿಸಿ ಕಳಿಸಿದ. ಆ ಚಹಾ ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಎಂಟನೆಯ ದಿನ ಶೀತಯಂತ್ರದ ಕೊಳವೆಯಿಂದ ಅಮೋನಿಯಾ ಸೋರಿತು. ಅದೇ ಗಲಾಟೆಯಲ್ಲಿ ಕರೆಂಟು ಹೋಯಿತು. ಕಂಪ್ಯೂಟರು ಸತ್ತಿತು, ಆದರೆ ಬಾಗಿಲಿಗೆ ಬ್ಯಾಟರಿ ಇತ್ತು, ಅಯಸ್ಕಾಂತ ಬಿಡಲಿಲ್ಲ. ಹೆಂಗಸರು ತುರ್ತು ಗುಂಡಿ ಒತ್ತೇ ಒತ್ತಿದರು. ಅದರ ವಯರೂ ನಾನು ಬದಲಿಸಿದ್ದರಲ್ಲೇ ಸೇರಿತ್ತು. ಮೀನು ತುಂಬಲು ಬಂದಿದ್ದ ಭಟ್ಕಳದ ಲಾರಿ ಚಾಲಕನೊಬ್ಬ ಹಾರೆ ಹಾಕಿ ಬಾಗಿಲು ಮೀಟಿದ. ನಾನು ಹೋಗುವಷ್ಟರಲ್ಲಿ ಅವರೆಲ್ಲ ಅಂಗಳದ ಮೀನುನೀರಿನಲ್ಲಿ ಕೂತು ಕಾರುತ್ತಿದ್ದರು. ಕಣ್ಣು ಊದಿ ಮುಚ್ಚಿಹೋಗಿದ್ದವು. ಮ್ಯಾನೇಜರ್ ಹಲ್ಲು ಕಿರಿದು, "ಯಾರೂ ಸಾಯ್ಲಿಲ್ಲ ಅಲ್ಲ, ಬಿಡಿ" ಎಂದ. ಅವನ ಮುಖ ನೋಡಲಾಗಲಿಲ್ಲ. ನೋಡಿದ್ದರೆ ನನ್ನ ಮುಖವೇ ಕಾಣುತ್ತಿತ್ತೇನೋ.

ಸಂಜೆ ಭಾವನಿಗೆ ಎಲ್ಲ ಹೇಳಿದೆ. ಗಂಜಿ ಉಣ್ಣುತ್ತಿದ್ದವನು ಬಟ್ಟಲು ಕೆಳಗಿಟ್ಟ.

"ಮ್ಯಾನೇಜರ್ ಬಿಡಲಿಲ್ಲ" ಎಂದೆ.

"ವಯರ್ ತೆಗಿಲಿಕ್ಕೆ ಹೇಳ್ದಂವ ಯಾರು ಅಂತ ನಾ ಕೇಳ್ಲಿಲ್ಲ. ತೆಗ್ದ ಕೈ ಯಾರದು?"

ಆ ದಿನ ಅವನು 'ಥೂ' ಎನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಶೆಡ್ಡು ಮತ್ತೆ ತೆರೆದ ದಿನ, ಅಕ್ಕ ಬೇಡವೆಂದರೂ ಭಾವ ಮಳೆಯಲ್ಲಿ ಬಸ್ಸು ಹತ್ತಿ ಬಂದ. ನನಗೆ ಪೆಟ್ಟಿಗೆ ಮುಟ್ಟಗೊಡದೆ, ವಯರನ್ನು ತಾನೇ ಮತ್ತೆ ರಿಲೇಗೆ ಕೊಟ್ಟ. "ನೀ ಒಳಗೆ ಹೋಗಿ ನಿಲ್ಲು" ಎಂದ. ಮೀನಿನ ಕರುಳು ತೇಲುವ ನೀರಿನಲ್ಲಿ ಹೆಂಗಸರ ನಡುವೆ ನಿಂತೆ. ಬಾಗಿಲು ಮುಚ್ಚಿತು. ಹಿರಿಯಳೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಂತ ತಮ್ಮಾ, ಇವತ್ತು ಬಾಗ್ಲು ತೆಗಿತದೋ, ನಾವೇ ಒದ್ದು ಮುರಿಯುದೋ?"

ಹೊರಗೆ ಭಾವನ ಕೆಮ್ಮು ಕೇಳುತ್ತಿತ್ತು. ಆಮೇಲೆ ಸೈರನ್ ಹೊಡೆಯಿತು, ಬಾಗಿಲು ಬಿಟ್ಟಿತು.

ದೀಪಾವಳಿಗೆ ಮೊದಲೇ ಭಾವ ಹೋದ. ನಾವು ಜ್ವರ ಎಂದುಕೊಂಡಿದ್ದು ಶ್ವಾಸಕೋಶದ ಕಾಯಿಲೆಯಾಗಿತ್ತು. ಆ ಮಳೆಯಿಂದಲೇ ಹೆಚ್ಚಾಯಿತೆಂದು ಡಾಕ್ಟರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಹನ್ನೆರಡನೆಯ ದಿನದ ಊಟಕ್ಕೆ ಮ್ಯಾನೇಜರ್ ಬಂದಿದ್ದ. ಫೋಟೋಕ್ಕೆ ಕೈಮುಗಿದ, ಎರಡು ಸಲ ಪಾಯಸ ಹಾಕಿಸಿಕೊಂಡ. ಕೈ ತೊಳೆಯುವಲ್ಲಿ ನನ್ನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದ.

"ಮತ್ತೆ ಹಬೆಗೆ ಸೈರನ್ ಹೊಡೀತದೆ ಮಾರಾಯ್ರೆ. ಈಗ ಎಲ್ಲ ನಿಮ್ದೇ ಅಲ್ಲ? ಆ ವಯರ್ ಒಂದು..."

ನಾನು ಕೈ ಒರೆಸಿಕೊಂಡೆ.

"ಆಗುದಿಲ್ಲ" ಎಂದೆ.

"ಬೇರೆಯವ್ರು ಮಾಡಿಕೊಡ್ತಾರೆ."

"ಮಾಡ್ಸಿ ನೋಡಿ."

ಮರುದಿನವೇ ತದಡಿಗೆ ಹೋದೆ. ಕೆಲಸ ಬಿಟ್ಟು ಬರುತ್ತಿದ್ದ ಆ ಹಿರಿಯಳಿಗೆ ವಯರನ್ನು ಬದಲಿಸಿದ ಕೈ ನನ್ನದೇ ಎಂದು ಹೇಳಿದೆ. ಅವಳು ಬೈದಳು. ಬೈದು ಮುಗಿಸುವವರೆಗೆ ನಿಂತು, ನನ್ನ ನಂಬರು ಕೊಟ್ಟೆ. ಈಗ ಪ್ರತಿ ಶನಿವಾರ ಕಂಪ್ಯೂಟರು ಆರಿಸಿದ ಮೇಲೆ ಹೆಂಗಸರೇ ಆ ತುರ್ತು ಗುಂಡಿ ಒತ್ತಿ ನೋಡುತ್ತಾರೆ. ಸಂಜೆ ಹಿರಿಯಳ ಫೋನ್ ಬರುತ್ತದೆ.

"ತೆಗಿತು." ಅಷ್ಟೇ ಹೇಳಿ ಇಡುತ್ತಾಳೆ.

ಅದನ್ನು ಅಕ್ಕನಿಗೆ ಹೇಳುತ್ತೇನೆ. ಅವಳು ಕೆಲಸದಿಂದ ತಲೆ ಎತ್ತದೆ "ಆತು" ಎನ್ನುತ್ತಾಳೆ.