ರಾಟೆ ತಾನಾಗಿ ತಿರುಗಿದ ಸಿನಿಮಾ

ಹರದನಹಳ್ಳಿಯ ನಮ್ಮ ಮನೆಗೆ ನಾನೇ ಹಿರಿಯಳು. ನನ್ನ ಮಾತನ್ನು ಯಾರೂ ಮೀರುವುದಿಲ್ಲ. ಇವತ್ತು ಮೊಮ್ಮಗಳು ದೆವ್ವದ ಸಿನಿಮಾ ನೋಡಿ, ಬಚ್ಚಲಿಗೆ ಹೋಗಲು ಅಂಜಿ ನಿಂತಿದ್ದಳು. "ಇಷ್ಟು ದೊಡ್ಡೋಳಾಗಿ ಎದ್ರುತೀಯಲ್ಲಮ್ಮಿ," ಎಂದು ಅವಳಪ್ಪ, ನನ್ನ ಮಗ, ನಕ್ಕ.

ಚಿಕ್ಕವಳಿದ್ದಾಗ ಗುಂಡ್ಲುಪೇಟೆಯ ಟಾಕೀಸಿನಲ್ಲಿ ಬಿಳಿ ಸೀರೆಯ ದೆವ್ವ ನೋಡಿ ನಾನೂ ನಕ್ಕಿದ್ದೆ. ಆದರೆ ಅದೇ ಸಿನಿಮಾದಲ್ಲಿ ಯಾರೂ ಇಲ್ಲದ ಬಾವಿಯ ರಾಟೆ ಕಿರ್ರೆಂದು ತಿರುಗಿದಾಗ ನಡುಗಿಹೋದೆ. ಅಂಥದೇ ರಾಟೆ ನಮ್ಮ ಹಿತ್ತಲಲ್ಲಿತ್ತು. ದಿನಾ ಮುಟ್ಟುವ ವಸ್ತುವಿನ ಮೇಲೆ ಅನುಮಾನ ಹುಟ್ಟಿಸುವುದೇ ನಿಜವಾದ ಭಯದ ಸಿನಿಮಾ.

ಸಿನಿಮಾ ನೋಡಿದ ಮರುದಿನ ಬಿಂದಿಗೆ ಹಿಡಿದು ಹಿತ್ತಲ ಬಾಗಿಲಲ್ಲೇ ನಿಂತೆ. ಅವ್ವ ಬಯ್ಯಲಿಲ್ಲ. ಮೊರ ತಂದು ಬಾವಿಕಟ್ಟೆಯ ಮೇಲೆ ಕೂತು, "ನಾನು ಅವರೇಕಾಯಿ ಸುಲೀತೀನಿ, ನೀನು ನೀರು ಸೇದು ಕಣಮ್ಮಿ," ಎಂದಳು. ಅವರೆಯ ಕಾಲ ಮುಗಿದ ಮೇಲೂ ಅವ್ವ ಬರಿ ಮೊರ ಹಿಡಿದು ಬಂದು ಕೂರುತ್ತಿದ್ದಳು.

ಇವತ್ತು ನಕ್ಕ ಮಗನನ್ನು ಗದರಿ ಕೋಣೆಯೊಳಗೆ ಕಳಿಸಿದೆ. ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೇ ಇದನ್ನು ಬರೆದಿದ್ದೇನೆ.